ಕಸ್ತೂರಕ್ಕನ ಹುಳಿ ಪೀಪಾಯಿ

ನಮ್ಮ ಮನೆಯಲ್ಲಿ ಹಾಲು ಒಡೆದರೆ ಯಾರೂ ಹಾಲಿನವಳನ್ನು ಬಯ್ಯುತ್ತಿರಲಿಲ್ಲ. ಬೇಸಿಗೆಯ ಸೆಕೆಯನ್ನೂ ಬಯ್ಯುತ್ತಿರಲಿಲ್ಲ. ಬೈಗುಳವೆಲ್ಲ ನೇರವಾಗಿ ಕಸ್ತೂರಕ್ಕನಿಗೆ. ಅವಳು ಮನೆಯ ಹಿರಿಯ ಸೊಸೆ, ನಾನು ಕಿರಿಯಳು. ನ್ಯಾಮತಿಯ ಪೇಟೆ ಬೀದಿಯಲ್ಲಿ ಮುಂದೆ ಕಿರಾಣಿ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಗೋದಾಮು. ಅಂಗಡಿ ಅಕ್ಕನ ಗಂಡ ಮಹೇಶ್ವರಪ್ಪನವರದು. ಮನೆ ಮಾತ್ರ ಪೂರ್ತಿ ನಮ್ಮ ಅತ್ತೆ ಅಜ್ಜಮ್ಮನವರದು.

ಕಸ್ತೂರಕ್ಕನ ಕೈಗುಣ ಸರಿಯಿಲ್ಲ ಎಂದು ಅತ್ತೆ ತೀರ್ಮಾನ ಮಾಡಿಬಿಟ್ಟಿದ್ದರು. ಅವಳು ಹೆಪ್ಪು ಹಾಕಿದ ಮೊಸರು ಮಧ್ಯಾಹ್ನದೊಳಗೆ ಹುಳಿ. ಅವಳು ರುಬ್ಬಿದ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯಿಂದ ಇಳಿದು ಅಡುಗೆಮನೆಯ ತುಂಬ ಹರಿದಿರುತ್ತಿತ್ತು. ಇದರಲ್ಲಿ ಸುಳ್ಳೇನೂ ಇಲ್ಲ, ನಾನೇ ಎಷ್ಟೋ ಸಲ ನೆಲ ಒರೆಸಿದ್ದೇನೆ. ಆದರೆ ಆ ಹಿಟ್ಟಿನ ದೋಸೆಯನ್ನು ಬಯ್ಯುತ್ತ ಬಯ್ಯುತ್ತಲೇ ಎಲ್ಲರೂ ನಾಲ್ಕು ಹೆಚ್ಚಿಗೆ ತಿನ್ನುತ್ತಿದ್ದರು ಎಂಬುದೂ ಸುಳ್ಳಲ್ಲ. ಅದನ್ನು ಹೇಳಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ನಾನು ಬಾಯಿಬಡುಕಿ, ಒಂದಕ್ಕೆ ಎರಡು ಹೇಳುವವಳು. ಅಕ್ಕ ಹಾಗಲ್ಲ. ತನ್ನ ಅಡುಗೆಯ ವಿಷಯ ಬಂದರೆ ತಲೆ ತಗ್ಗಿಸಿ ಸೆರಗಿನ ತುದಿ ತಿರುವುತ್ತ ನಿಲ್ಲುವಳು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಪ್ಪತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಅಂಗಡಿಯ ಹೆಂಚು ಸೋರಿ ಒಂದು ಮೂಟೆ ಬಾರ್ಲಿ ನೆನೆದು ಮೊಳಕೆ ಒಡೆಯಿತು. ಉಷ್ಣವಾದವರಿಗೆ ಕುದಿಸಿ ಕೊಡಲು ಆಗೆಲ್ಲ ಜನ ಬಾರ್ಲಿ ಕೊಳ್ಳುತ್ತಿದ್ದರು. ಭಾವ ಅದನ್ನು ತಿಪ್ಪೆಗೆ ಹಾಕಿಸಲು ಹೊರಟಾಗ ಅಕ್ಕ ಬಿಡಲಿಲ್ಲ. ಬಿಸಿಲು ಬಿದ್ದ ದಿನ ಒಣಗಿಸಿದಳು, ಕಬ್ಬಿಣದ ಬಾಣಲೆಯಲ್ಲಿ ಹುರಿದಳು, ಬೀಸುಕಲ್ಲಿನಲ್ಲಿ ತರಿತರಿಯಾಗಿ ಒಡೆದಳು. ಮನೆಯೆಲ್ಲ ಬೇಕರಿಯ ಬಿಸ್ಕತ್ತಿನ ವಾಸನೆ.

ಅದೇ ವಾರ ಜಗಳೂರು ಕಡೆಯಿಂದ ಅವಳ ಅಣ್ಣ ಕೊಟ್ರಬಸಪ್ಪ ಬಸ್ಸಿನ ಮೇಲೆ ದ್ರಾಕ್ಷಿಯ ಬುಟ್ಟಿಗಳನ್ನು ಹೇರಿಕೊಂಡು ಬಂದ. ಯಾವುದೋ ಕಾರ್ಖಾನೆಯವರು ಬಳ್ಳಿ ಕೊಟ್ಟು, ಹಣ್ಣು ನಾವೇ ಕೊಳ್ಳುತ್ತೇವೆ ಎಂದು ಹೇಳಿ ಹೋಗಿದ್ದರಂತೆ. ಹಣ್ಣಾಯಿತು, ಅವರ ಜೀಪು ಬರಲಿಲ್ಲ. ಸಣ್ಣ ಸಣ್ಣ ಕರಿ ಹಣ್ಣು, ದಪ್ಪ ಸಿಪ್ಪೆ, ಒಳಗೆಲ್ಲ ಬೀಜ. ತಿಂದರೆ ಗಂಟಲು ಒಗರು.

“ಯಾವ ಕಾರ್ಖಾನೆಯಣ್ಣ?” ಎಂದು ನಾನು ಕೇಳಿದೆ.

“ರಸದ ಕಾರ್ಖಾನೆ ಕಣಮ್ಮ” ಎಂದ. ಏನು ರಸ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಣ್ಣ ತಂದ ಹಣ್ಣು ಕೊಳೆಯುವುದನ್ನು ನೋಡಲು ಅಕ್ಕನಿಗೆ ಆಗಲಿಲ್ಲ. ಬಾರ್ಲಿ ತರಿಯನ್ನು ಹಂಡೆಯಲ್ಲಿ ಬಿಸಿನೀರಿಗೆ ನೆನೆಹಾಕಿ, ಸೋಸಿ, ಬೆಲ್ಲ ಹಾಕಿ ಕುದಿಸಿ ಆರಿಸಿದಳು. ಇಬ್ಬರೂ ಕೂತು ದ್ರಾಕ್ಷಿ ಹಿಸುಕಿ ಅದಕ್ಕೆ ಬೆರೆಸಿದೆವು. ಅಷ್ಟು ಹಿಡಿಸುವ ಪಾತ್ರೆ ಮನೆಯಲ್ಲಿ ಎಲ್ಲಿಂದ ಬರಬೇಕು? ಗೋದಾಮಿನಲ್ಲಿ ಭಾವ ಹರಾಜಿನಲ್ಲಿ ತಂದಿದ್ದ ಮರದ ಪೀಪಾಯಿ ಇತ್ತು, ಕೆಳಗೊಂದು ಮರದ ನಲ್ಲಿಯೂ ಇತ್ತು. ಎಣ್ಣೆ ತುಂಬಿಡಲು ತಂದದ್ದು, ನೀರು ಹಾಕಿ ನೋಡಿದರೆ ಸೋರಿತೆಂದು ಮೂಲೆಗೆ ಸೇರಿತ್ತು. ಹಣ್ಣು ಬಂದ ದಿನದಿಂದಲೇ ನೀರು ಹಾಕಿ ಹಾಕಿ ಅಕ್ಕ ಅದರ ಹಲಗೆ ಉಬ್ಬಿ ಬಿಗಿಯುವಂತೆ ಮಾಡಿದ್ದಳು. ಒಳಗಿನಿಂದ ಏನೋ ಔಷಧದ ವಾಸನೆ ಬರುತ್ತಿತ್ತು. ಮೊದಲು ಅದರಲ್ಲಿ ಏನಿತ್ತೋ ಭಾವನಿಗೂ ತಿಳಿಯದು.

ರಸ ತುಂಬಿದ ಮೂರನೆಯ ದಿನಕ್ಕೆ ಪೀಪಾಯಿ ಗುಳುಗುಳು ಎನ್ನತೊಡಗಿತು. ಅತ್ತೆ ಮೂಗು ಎತ್ತಿಕೊಂಡು ಗೋದಾಮಿನವರೆಗೂ ಬಂದರು.

“ಬಂತಲ್ಲ ಹುಳಿ. ನೀನು ಕೈಯಿಟ್ಟ ಮ್ಯಾಲೆ ಇನ್ನೇನಾಗ್ತೈತೆ. ಚೆಲ್ಲಿ ತೊಳೆದಿಡು.”

ಅಕ್ಕ “ಹೂಂ” ಎಂದಳು, ಆದರೆ ಚೆಲ್ಲಲಿಲ್ಲ. ಗುಳುಗುಳು ನಿಂತ ಮೇಲೆ ಬಿರಡೆ ಬಡಿದು, ಮೇಲೆ ಗೋಣಿಚೀಲ ಹೊದಿಸಿದೆವು. ಅವಳು ಅತ್ತೆಯ ಮಾತು ಮೀರಿದ್ದನ್ನು ನಾನು ಕಂಡದ್ದು ಅದೇ ಮೊದಲು, ಖುಷಿಯಿಂದ ನನಗೆ ಕುಣಿಯುವಂತಾಯಿತು.

ಪ್ರತಿ ಬೇಸಿಗೆ ನಮ್ಮ ಅಂಗಡಿಯ ಮುಂದೆ ಅರವಟ್ಟಿಗೆ ಇಡುತ್ತಿದ್ದೆವು. ದಾರಿಹೋಕರಿಗೆ, ಹೊನ್ನಾಳಿ ಬಸ್ಸಿನಿಂದ ಇಳಿದವರಿಗೆ ಪುಕ್ಕಟೆ ನೀರು ಮಜ್ಜಿಗೆ. ಮೊದಲ ದಿನ ಚಪ್ಪರ ಹಾಕಿ, ಊರಿನ ಹಿರಿಯರೊಬ್ಬರ ಕೈಯಿಂದ ಶುರುಮಾಡಿಸುವುದು ಪದ್ಧತಿ. ಆ ಮಳೆಗಾಲ ಕಳೆದು ಬಂದ ಬೇಸಿಗೆಗೆ ವಿರೂಪಾಕ್ಷಪ್ಪ ಮೇಷ್ಟ್ರನ್ನು ಕರೆದಿದ್ದರು. ರಿಟೈರಾದ ಹೆಡ್‌ಮಾಸ್ತರು, ಊರಿನ ಪಾನನಿರೋಧ ಸಂಘದ ಅಧ್ಯಕ್ಷರು. ಕುಡುಕರು ಅವರ ನೆರಳು ಕಂಡರೆ ಸಂದಿ ಹಿಡಿಯುತ್ತಿದ್ದರು.

ಅವತ್ತು ಬೆಳಗ್ಗೆ ಹಂಡೆಯ ಮುಚ್ಚಳ ತೆಗೆದರೆ ಮಜ್ಜಿಗೆ ಬಾಯಿಗಿಡುವಂತಿರಲಿಲ್ಲ. ಅತ್ತೆ ಈ ಸಲ ಕೂಗಾಡಲಿಲ್ಲ, ತಣ್ಣಗೆ ಹೇಳಿದರು.

“ಊರ ಮುಂದೆ ಮರ್ಯಾದಿ ಹೋತು. ಇವತ್ತಿಗೆ ಸಾಕು ಕಸ್ತೂರಿ. ನಾಳಿಂದ ಒಲೆ ಕಡೆ ನೀನು ಬರಾಕೆ ಹೋಗಬ್ಯಾಡ. ಚಿಕ್ಕವಳು ನೋಡ್ಕಂತಾಳೆ.”

ಚಿಕ್ಕವಳು ಎಂದರೆ ನಾನು. ನನಗೆ ಬೆಳಗ್ಗೆ ಏಳುವುದೇ ಆಗದು, ಆ ಮಾತು ಬೇರೆ. ಹಿರಿಯ ಸೊಸೆಯನ್ನು ಒಲೆಯಿಂದ ಎಬ್ಬಿಸಿದರೆ ಆ ಮನೆಯಲ್ಲಿ ಅವಳಿಗೆ ಉಳಿಯುವುದಾದರೂ ಏನು? ಹೊರಗೆ ಚಪ್ಪರದ ಕೆಳಗೆ ಜನ ಸೇರುತ್ತಿದ್ದರು. ಅಕ್ಕ ಕೊಡ ಎತ್ತಿಕೊಂಡು ಗೋದಾಮಿಗೆ ನಡೆದಳು. ನಾನು ಹಿಂದೆಯೇ ಓಡಿದೆ.

ನಲ್ಲಿ ತಿರುವಿದಾಗ ಬಂದ ಬಣ್ಣ ನೋಡಿ ನಾನು ಹತ್ತಿರಕ್ಕೆ ಬಗ್ಗಿದೆ. ನೇರಳೆ ಹಣ್ಣು ತಿಂದ ನಾಲಗೆಯ ಬಣ್ಣ, ಬೆಳಕಿಗೆ ಹಿಡಿದರೆ ಕೆಂಪು, ಮೇಲೆ ತೆಳುವಾದ ನೊರೆ. ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದೆ. ಮೊದಲು ಹುಳಿ ದವಡೆಯನ್ನು ಹಿಂಡಿತು, ಸೋಡಾದಂತೆ ನಾಲಗೆಗೆ ಚುರ್ರೆಂದಿತು. ಆಮೇಲೆ ದ್ರಾಕ್ಷಿಯ ಒಗರು, ಅದರ ಹಿಂದೆ ಹುರಿದ ಬಾರ್ಲಿ, ಎಲ್ಲ ಇಳಿದ ಮೇಲೆ ಮರದ ಒಂದು ಪರಿಮಳ ಬಾಯಲ್ಲೇ ಕೂತಿತು. ಅಂಥದ್ದನ್ನು ನಾನು ಹುಟ್ಟಿದ ಮೇಲೆ ಕುಡಿದಿರಲಿಲ್ಲ. ಇನ್ನೊಂದು ಗುಟುಕು ಕುಡಿದೆ.

“ಹುಳಿ ಐತೇನೆ?” ಎಂದು ಅಕ್ಕ ಅಳುಕುತ್ತ ಕೇಳಿದಳು.

“ಐತೆ. ಮೊದಲು ಕೊಡ ತುಂಬಿಸಕ್ಕ” ಎಂದೆ.

ಬಾರ್ಲಿ ನೀರು ಎಂದು ಹೇಳಿ ಮೇಷ್ಟ್ರಿಗೆ ಮೊದಲ ಲೋಟ ಕೊಟ್ಟೆವು. ಅವರು ಕುಡಿದರು. ಲೋಟದೊಳಗೆ ನೋಡಿದರು. ಮೀಸೆ ಒರೆಸಿಕೊಂಡು ಮತ್ತೆ ಲೋಟ ಚಾಚಿದರು. ಎರಡನೆಯದನ್ನು ಕಣ್ಣು ಮುಚ್ಚಿ ಕುಡಿದರು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಭಾಷಣಕ್ಕೆ ಎದ್ದರು. ಯಾವಾಗಲೂ ಬಯ್ಯುವ ಮನುಷ್ಯ ಅವತ್ತು ಜನರನ್ನು ನಗಿಸಿದರು, ನ್ಯಾಮತಿಯಂಥ ಊರು ಪ್ರಪಂಚದಲ್ಲಿ ಇಲ್ಲವೆಂದರು, ತಮ್ಮ ಹೆಂಡತಿಯ ಹೆಸರನ್ನು ಎಲ್ಲರೆದುರು ಹೇಳಿ ಹೊಗಳಿದರು.

ಬೀದಿಯಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಅಡಿಕೆ ಮಂಡಿಯವರು ಬಂದರು, ಟೈಲರ್ ಬಂದ, ಕುಡಿದು ಹೋದವರೇ ತಿರುಗಿ ಸಾಲಿನಲ್ಲಿ ನಿಂತರು. ಅದೇನೆಂದು ಅವರಲ್ಲಿ ನಾಲ್ಕು ಜನಕ್ಕಾದರೂ ಗೊತ್ತಾಗಿಯೇ ಇತ್ತು, ಈಗ ನನಗೆ ಅನುಮಾನವಿಲ್ಲ. ಆದರೆ ಬಾಯಿಬಿಟ್ಟರೆ ನಿನಗೆ ಹೇಗೆ ಗೊತ್ತು ಎಂದು ಜನ ಕೇಳುವುದಿಲ್ಲವೇ? ಹಾಗಾಗಿ ಎಲ್ಲ ಮಾನವಂತರೂ ಬಾರ್ಲಿ ನೀರನ್ನು ಹೊಗಳುತ್ತ ಕುಡಿದರು.

ಅತ್ತೆಯೂ ಕುಡಿದರು. ಒಂದಲ್ಲ, ಎರಡು ಲೋಟ. ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಎಲೆಯಡಿಕೆ ಮರೆತು, “ಹೊಟ್ಟೆ ಹಗುರಾತು ನೋಡು” ಎಂದರು. ಅಕ್ಕ ಕೊಡದಿಂದ ಬಗ್ಗಿಸಿ ಬಗ್ಗಿಸಿ ಕೊಡುತ್ತಲೇ ಇದ್ದಳು. ಕೆನ್ನೆ ಕೆಂಪಾಗಿತ್ತು, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಅಷ್ಟು ಚೆಂದ ಅವಳು ಮದುವೆಯ ಫೋಟೋದಲ್ಲೂ ಕಂಡಿಲ್ಲ.

ಆಗ ಹೊನ್ನಾಳಿ ಬಸ್ಸು ಬಂತು. ಕಂಡಕ್ಟರ್ ಬೀರಲಿಂಗಪ್ಪ ಮಿಲಿಟರಿಯಿಂದ ಬಂದವನು, ಕ್ಯಾಂಟೀನಿನ ರಮ್ಮು ಕುಡಿದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವವನು. ಒಂದು ಗುಟುಕು ಕುಡಿದವನೇ ಲೋಟ ಕೆಳಗಿಟ್ಟು, ಪಕ್ಕದಲ್ಲಿದ್ದ ಡ್ರೈವರನ ಕೈಯಿಂದ ಲೋಟ ಕಿತ್ತುಕೊಂಡ. ಡ್ರೈವರಿಗೆ ಸಿಟ್ಟು ಬಂತು. ಬೀರಲಿಂಗಪ್ಪ ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿದ.

“ಅಕ್ಕಾರೆ, ಬಸ್ ಓಡ್ಸೋರಿಗೆ ಇದನ್ನ ಕೊಡಬ್ಯಾಡ್ರಿ. ಇದು ಬೀರು.”

ಅಕ್ಕನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

“ಪುಣೆದಾಗೆ, ದಿಲ್ಲಿದಾಗೆ ಎಲ್ಲಾ ಕಡೆ ಕುಡಿದೀನಿ, ಇಂಥದ್ದು ಕುಡಿದಿಲ್ಲ ಬಿಡ್ರಿ. ಹೆಂಗೆ ಮಾಡಿದ್ರೋ ಏನೋ. ಆದ್ರೆ ಹೆಂಡ ಹೆಂಡಾನೆ.” ಇಷ್ಟು ಹೇಳಿ ಅವನು ಸೀಟಿ ಊದಿ ಬಸ್ಸು ಹತ್ತಿದ.

ಹೆಂಡ ಎಂಬ ಮಾತಿಗೆ ಅಕ್ಕ ಬಗ್ಗಿಸುತ್ತಿದ್ದ ಕೊಡವನ್ನು ನೆಟ್ಟಗೆ ಹಿಡಿದಳು. ನಾನು ಅವಳ ರಟ್ಟೆ ಹಿಡಿದು, “ಬಾಯಿ ಮುಚ್ಕಂಡಿರಕ್ಕ, ಯಾರಿಗೂ ಗೊತ್ತಾಗಲ್ಲ” ಎಂದೆ. ಅವಳ ಒಲೆ ಉಳಿಯಲಿ ಎಂಬುದಷ್ಟೇ ನನಗೆ ಬೇಕಿತ್ತು. ಅಷ್ಟರಲ್ಲಿ ಕಟ್ಟೆಯ ಮೇಲಿಂದ ಅತ್ತೆಯ ದನಿ ಕೇಳಿತು, ಇಡೀ ಬೀದಿಗೆ ಕೇಳುವಂತೆ.

“ಮಠಕ್ಕೆ ಒಂದು ಕೊಡ ಕಳಿಸ್ರಿ. ನಮ್ಮ ಹಿರಿ ಸೊಸೆ ಮಾಡಿದ್ದು ಅಂತ ಹೇಳ್ರಿ. ಅವಳ ಕೈಗುಣ ಚೆನ್ನಾಗೈತೆ.”

ಎಷ್ಟು ವರ್ಷ ಆ ಮಾತಿಗಾಗಿ ಕಾದಿದ್ದಳು ಅವಳು. ಅದು ಬಂದ ಗಳಿಗೆಯಲ್ಲೇ ಅದನ್ನು ಕಳೆದುಕೊಳ್ಳಬೇಕಾಗಿತ್ತು. ಕೊಡವನ್ನು ಕೆಳಗಿಟ್ಟು ಅತ್ತೆಯ ಮುಂದೆ ಹೋಗಿ ನಿಂತಳು. ತಲೆ ತಗ್ಗಿಸಲಿಲ್ಲ.

“ಮಠಕ್ಕೆ ಬ್ಯಾಡ ಅತ್ತೆ. ಇದು ಹೆಂಡ ಆಗೈತಂತೆ. ನನಗೆ ಗೊತ್ತಿರಲಿಲ್ಲ. ಮಾಡಿದ್ದು ಮಾತ್ರ ನಾನೇ.”

ಸಾಲಿನಲ್ಲಿದ್ದವರೆಲ್ಲ ಆಕಾಶ ನೋಡಿದರು. ಮೇಷ್ಟ್ರು ಕೊಡೆ ಎತ್ತಿಕೊಂಡು, “ಬಾರ್ಲಿ ದೇಹಕ್ಕೆ ತಂಪು, ನಾನು ಕುಡಿದದ್ದು ಬಾರ್ಲಿ” ಎಂದು ಗಟ್ಟಿಯಾಗಿ ಹೇಳಿ, ಸ್ವಲ್ಪ ಅಡ್ಡಡ್ಡ ಹೆಜ್ಜೆ ಹಾಕುತ್ತ ಮನೆಗೆ ಹೋದರು. ಚಪ್ಪರ ಖಾಲಿಯಾಯಿತು. ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಗೋದಾಮಿಗೆ ನಡೆದರು. ಹಿಂದೆ ಅಕ್ಕ, ಅವಳ ಹಿಂದೆ ನಾನು.

“ಬಿಡು ನಲ್ಲೀನ” ಎಂದರು ಅತ್ತೆ. “ಎಲ್ಲಾ ಹೋಗ್ಲಿ ಮೋರಿಗೆ.”

ಅಕ್ಕ ನಲ್ಲಿ ತಿರುವಿದಳು. ಕೆಂಪು ನೀರು ಮೋರಿಯತ್ತ ಹರಿಯಿತು, ಗೋದಾಮಿನ ತುಂಬ ಅದರ ಘಮ. ಅವಳು ಅಳಲಿಲ್ಲ, ನೋಡುತ್ತ ನಿಂತಳು. ಅತ್ತೆಯೂ ನಿಂತಿದ್ದರು, ಒಮ್ಮೆ ಅದನ್ನು, ಒಮ್ಮೆ ಸೊಸೆಯನ್ನು ನೋಡುತ್ತಿದ್ದರು. ಧಾರೆ ಸಣ್ಣದಾಗುತ್ತ ಬಂದಾಗ ಸರಕ್ಕನೆ ಬಗ್ಗಿ, ಮೂಲೆಯಲ್ಲಿದ್ದ ಲೋಟ ತೆಗೆದು ಅದಕ್ಕೆ ಹಿಡಿದರು.

“ಬೆಳಗಿಂದ ಊರಿಗೆಲ್ಲ ಹಂಚಿದೀಯ, ನೀನು ಒಂದು ಹನಿ ಬಾಯಿಗೆ ಬಿಟ್ಕಂಡಿಲ್ಲ. ತಗ, ಕುಡಿ. ಆಮ್ಯಾಲೆ ಇಬ್ಬರೂ ತಲೆಗೆ ನೀರು ಹಾಕ್ಕಂಡು ಪೂಜೆಗೆ ಕೂರಾಣ.”

ಅಕ್ಕ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡಳು. ನಿಧಾನವಾಗಿ, ತಳದವರೆಗೂ ಕುಡಿದಳು.

“ಹೆಂಗೈತೆ?” ಎಂದು ಕೇಳಿದರು ಅತ್ತೆ.

“ಚೆನ್ನಾಗೈತೆ ಅತ್ತೆ” ಎಂದಳು ಕಸ್ತೂರಕ್ಕ. ಕಣ್ಣಲ್ಲಿ ಆಗ ನೀರು ಬಂತು. “ಭಾಳ ಚೆನ್ನಾಗಿ ಮಾಡಿದೀನಿ.”