ಅಕ್ಕಿಯಿಲ್ಲದ ದೋಸೆ

ಆಗೆಲ್ಲ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕೆಲಸಗಾರರ ಲೈನು ಮನೆಗಳಲ್ಲಿ ಬೆಳಿಗ್ಗೆ ಯಾರ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಕೇಳಿ ತಿಳಿಯಬೇಕಿರಲಿಲ್ಲ, ಮೂಗೇ ಹೇಳುತ್ತಿತ್ತು. ಎರಡು ಮನೆಗೆ ಒಂದೇ ಗೋಡೆ, ಬೀದಿಗೆಲ್ಲ ಒಂದೇ ನಲ್ಲಿ, ನಮಗೂ ಪಕ್ಕದ ಅಂಜಲಕ್ಕನಿಗೂ ಸೇರಿ ಒಂದೇ ಒರಳು. ಗಣಿಯ ಸೈರನ್ನು ಕೇಳಿ ಊರು ಏಳುತ್ತಿತ್ತು, ಊಟ ಮಾಡುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಐದನೇ ಕ್ಲಾಸು. ‘ಜಡೆ ಎರಡು, ಬಾಯಿ ನಾಕು’ ಎಂದು ಅಮ್ಮ ನನ್ನನ್ನು ಬೈಯುತ್ತಿದ್ದಳು. ಬೇಕಾದ ಹೊತ್ತಿನಲ್ಲಿ ಆ ನಾಲ್ಕರಲ್ಲಿ ಒಂದು ಬಾಯಿಯೂ ತೆರೆಯಲಿಲ್ಲ, ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ಅಪ್ಪ ಬೂದಿಕೋಟೆ ಕಡೆಯ ಒಕ್ಕಲು ಮನೆಯವನು. ಮದುವೆಯಾದ ವರ್ಷವೇ ಗಣಿಗೆ ಸೇರಿ ಶಾಫ್ಟಿನಲ್ಲಿ ಇಳಿದವನು. ನೆಲದ ಕೆಳಗೆ ದುಡಿಯುವ ಗಂಡಸು ಎಂಬ ಜಂಬ ಅವನ ನಡಿಗೆಯಲ್ಲೇ ಕಾಣುತ್ತಿತ್ತು. ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ದಿನ ಕೆಳಗೆ ತಲೆಸುತ್ತಿ ಕುಸಿದುಬಿಟ್ಟ. ಆಸ್ಪತ್ರೆಯಲ್ಲಿ ನೋಡಿ ಸಕ್ಕರೆ ಕಾಯಿಲೆ ಎಂದರು. ಎರಡು ತಿಂಗಳು ಮೇಲೆಯೇ ಹಗುರ ಕೆಲಸ ಮಾಡಿಕೊಂಡಿರಲಿ, ಆಮೇಲೆ ಮತ್ತೆ ಮೂತ್ರ ಪರೀಕ್ಷೆ. ಆಗಲೂ ಸಕ್ಕರೆ ಇಳಿಯದಿದ್ದರೆ ಇನ್ನು ಯಾವತ್ತೂ ಶಾಫ್ಟಿಗೆ ಇಳಿಸುವುದಿಲ್ಲ ಎಂದರು. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ.

ಆಸ್ಪತ್ರೆಯ ನರ್ಸಮ್ಮ ಅಮ್ಮನಿಗೆ, ‘ಅನ್ನ, ಮುದ್ದೆ ಕಡಿಮೆ ಮಾಡಿ, ಕಾಳು ಜಾಸ್ತಿ ಕೊಡಿ’ ಎಂದಿದ್ದರು. ನಮ್ಮಮ್ಮ ನಾರಾಯಣಮ್ಮ ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ.

“ಕಡಿಮೆ ಅಂದ್ರೆ ಏನು? ಬ್ಯಾಡ ಅಂತಾನೇ. ದೊಡ್ಡೋರು ಮರ್ಯಾದೆಗೆ ಅಂಗಂತಾರೆ” ಎಂದು ತೀರ್ಮಾನಿಸಿ, ಅಪ್ಪನ ತಟ್ಟೆಯಿಂದ ಅಕ್ಕಿ, ರಾಗಿ, ಗೋಧಿ ಮೂರನ್ನೂ ಓಡಿಸಿದಳು. ಬೂದಿಕೋಟೆಯಿಂದ ಅಜ್ಜಿ ಬಸ್ಸಿಗೆ ಹಾಕಿ ಕಳಿಸಿದ ಹೆಸರುಕಾಳಿನ ಮೂಟೆ ಮನೆಗೆ ಬಂತು.

ರಾತ್ರಿ ಹೆಸರುಕಾಳು, ಅದರ ಜೊತೆಗೆ ಒಂದಿಷ್ಟು ಕಡಲೆಬೇಳೆ, ಉದ್ದು ನೆನೆಯುತ್ತಿದ್ದವು. ಬೆಳಿಗ್ಗೆ ಅಮ್ಮ ನಲ್ಲಿಯ ಸಾಲಿಗೆ ಕೊಡ ಹಿಡಿದು ಹೋದರೆ ರುಬ್ಬುವ ಕೆಲಸ ನನ್ನದು. ಶುಂಠಿ, ಹಸಿಮೆಣಸು, ಜೀರಿಗೆ ಹಾಕಿ ತರಿತರಿಯಾಗಿ ರುಬ್ಬಬೇಕು. ಹಿಟ್ಟನ್ನು ಹುಳಿ ಬರಿಸುವಂತಿಲ್ಲ, ಆಗಲೇ ಹೊಯ್ಯಬೇಕು. ಅಮ್ಮ ಕಾವಲಿಯ ಮೇಲೆ ದಪ್ಪಗೆ ಹರಡಿ, ಮೇಲೆ ಈರುಳ್ಳಿ ಉದುರಿಸಿ, ಸೌಟಿನಲ್ಲಿ ಒತ್ತಿ, ಅಂಚಿಗೆ ಕಡಲೆಕಾಯಿ ಎಣ್ಣೆ ಬಿಡುತ್ತಿದ್ದಳು. ವಾಸನೆಯೇನೋ ಅದ್ಭುತ. ಆದರೆ ಅಕ್ಕಿಯ ಬಿಗಿ ಇಲ್ಲದ ದೋಸೆ, ಮಗುಚುವಾಗ ಹರಿಯುತ್ತಿತ್ತು, ಮೆತ್ತಗೆ ಕೂತುಬಿಡುತ್ತಿತ್ತು.

“ಇದೇನೇ, ಸಗಣಿ ತಟ್ಟಿದಂಗೈತೆ” ಎಂದ ಅಪ್ಪ ಮೊದಲ ದಿನ.

“ಸುಮ್ನೆ ತಿನ್ನು. ಎರಡು ತಿಂದ್ರೆ ಮಧ್ಯಾನದಗಂಟ ಒಟ್ಟೆ ಕೇಳಲ್ಲ” ಎಂದಳು ಅಮ್ಮ.

ಅದು ನಿಜವೇ. ಒಂದು ತಿಂದು ಸ್ಕೂಲಿಗೆ ಹೋದರೆ ನನಗೆ ಮಧ್ಯಾಹ್ನದ ಗಂಟೆವರೆಗೂ ಹಸಿವೆಂಬುದೇ ಇರುತ್ತಿರಲಿಲ್ಲ. ಆದರೆ ಅಪ್ಪನಿಗೆ ಬೇಕಾಗಿದ್ದುದು ಹೊಟ್ಟೆ ತುಂಬುವುದಲ್ಲ, ಹಲ್ಲಿಗೆ ಸಿಕ್ಕುವ ಗರಿ. ಹತ್ತು ದಿನ ತಿಂದ. ಹನ್ನೊಂದನೇ ದಿನ ಅಮ್ಮ ನೀರಿಗೆ ಹೋದಾಗ ಒರಳಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

“ಮಗಾ, ನಾಳೆಯಿಂದ ಒಂದೇ ಒಂದು ಇಡಿ ಅಕ್ಕಿ ಸೇರ್ಸು. ಒಂದು ಇಡೀಲಿ ಏನೂ ಆಗಲ್ಲ. ನಿಮ್ಮಮ್ಮಂಗೆ ಮಾತ್ರ ಯೋಳ್ಬೇಡ ಕಣೇ.”

ನನಗೆ ಎಷ್ಟು ಖುಷಿಯಾಯಿತೆಂದರೆ! ಅಪ್ಪ ನನ್ನೊಬ್ಬಳನ್ನೇ ನಂಬಿ ಒಂದು ಗುಟ್ಟು ಕೊಟ್ಟಿದ್ದ. ಅಕ್ಕಿ ಡಬ್ಬದಿಂದ ಒಂದು ಹಿಡಿ ತೆಗೆದು, ಹಳೇ ಚೊಂಬಿನಲ್ಲಿ ನೆನೆಹಾಕಿ, ಬಚ್ಚಲ ಒಲೆಯ ಹಿಂದೆ ಬಚ್ಚಿಟ್ಟೆ. ಮರುದಿನ ದೋಸೆ ಕಾವಲಿಯಿಂದ ತಾನೇ ಎದ್ದು ಬಂತು. ಅಮ್ಮನ ಮುಖ ನೋಡಬೇಕಿತ್ತು! ಒಂದನ್ನು ತಟ್ಟೆಗೆ ಹಾಕಿಕೊಂಡು ನೇರ ಪಕ್ಕದ ಮನೆಗೆ ನಡೆದಳು.

ಅಂಜಲಕ್ಕನ ಮನೆಮಾತು ತಮಿಳು. ನಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದಳು, ಸಂತೋಷ ಬಂದಾಗ ಮಾತ್ರ ತಮಿಳು ಉಕ್ಕುತ್ತಿತ್ತು. ನಾನು ಹುಟ್ಟಿದಾಗ ಅಮ್ಮನಿಗೆ ಬಾಣಂತನ ಮಾಡಿದವಳು ಅವಳೇ. ದೋಸೆ ಮುರಿದು ಬಾಯಿಗಿಟ್ಟು, “ಅಡಡಾ! ಎಪ್ಪಡಿ ನಾರಾಯಣಮ್ಮಾ? ಅಕ್ಕಿ ಇಲ್ದೇ ಇಷ್ಟು ಗರಿಗರಿನಾ? ನಿನ್ ಕೈ ಕೈಯಲ್ಲಮ್ಮ!” ಎಂದಳು. ಅಮ್ಮ ನಾಚಿಕೊಂಡು ನಕ್ಕಳು. ನಾನು ಗೋಡೆಗೆ ಒರಗಿ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ.

ಅಪ್ಪ ಎರಡರ ಬದಲು ನಾಲ್ಕು ತಿನ್ನತೊಡಗಿದ. ನನ್ನ ಹಿಡಿ ಒಂದಿದ್ದದ್ದು ಎರಡಾಯಿತು, ಎರಡು ಮೂರಾಯಿತು. ಅವನು ಕೇಳಿದ್ದಕ್ಕಿಂತ ಹೆಚ್ಚು ಹಾಕುತ್ತಿದ್ದವಳು ನಾನೇ. ತಿನ್ನುವಾಗ ಅವನು ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದ, ಅದಕ್ಕಾಗಿ ಇನ್ನೊಂದು ಹಿಡಿ ಹಾಕುತ್ತಿದ್ದೆ.

ಪರೀಕ್ಷೆಯ ದಿನ ಅಮ್ಮ ಬೆಳಿಗ್ಗೆಯೇ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕಳಿಸಿದಳು. ನೀಲಿ ನೀರಿಗೆ ಮೂತ್ರದ ಹನಿ ಬಿಟ್ಟು ಬಿಸಿ ಮಾಡುತ್ತಾರೆ, ನೀಲಿಯಾಗಿಯೇ ಉಳಿದರೆ ಒಳ್ಳೆಯದು ಎಂದು ನರ್ಸಮ್ಮ ಅವಳಿಗೆ ಹೇಳಿದ್ದರು. ಅಪ್ಪ ಹಿಂತಿರುಗಿದಾಗ ಅವಳು ಕೇಳಿದ್ದು ಒಂದೇ, “ಏನ್ ಬಣ್ಣ ಬಂತು?”

“ಇಟ್ಟಿಗೆ ಬಣ್ಣ” ಎಂದ ಅಪ್ಪ, ಚಪ್ಪಲಿ ಬಿಡದೆ ಹೊಸ್ತಿಲ ಮೇಲೆಯೇ ಕೂತುಬಿಟ್ಟ.

ಅವನನ್ನು ಲ್ಯಾಂಪ್ ರೂಮಿಗೆ ಹಾಕಿದರು. ಶಾಫ್ಟಿಗೆ ಇಳಿಯುವವರಿಗೆ ತಲೆದೀಪ ಎಣಿಸಿ ಕೊಡುವುದು, ಮೇಲೆ ಬಂದಾಗ ಎಣಿಸಿ ತೆಗೆದುಕೊಳ್ಳುವುದು. ತನ್ನ ಜೊತೆಯವರಿಗೆಲ್ಲ ದೀಪ ಕೊಟ್ಟು ಕೆಳಗೆ ಕಳಿಸಿ ಅವನು ಕಿಟಕಿಯಲ್ಲಿ ಕೂತಿರುತ್ತಿದ್ದ.

ಅಮ್ಮ ಎರಡು ದಿನ ತಲೆ ಕೆಡಿಸಿಕೊಂಡಳು. ಕಾಳು ಬಿಟ್ಟು ಬೇರೇನೂ ಕೊಟ್ಟಿಲ್ಲ, ಕಾಫಿಗೆ ಬೆಲ್ಲದ ಚೂರೂ ಹಾಕಿಲ್ಲ, ಮತ್ತೆ ಹೇಗೆ? ಮೂರನೆಯ ದಿನ ಅವಳೇ ಒರಳು ತೊಳೆಯಲು ಕೂತಳು. ಸವೆದಿದ್ದಕ್ಕೆ ಆಗಷ್ಟೇ ಕಲ್ಲುಕುಟಿಗನಿಂದ ಮತ್ತೆ ಕುಟ್ಟಿಸಿದ್ದ ಒರಳು, ಒಳಗೆಲ್ಲ ಸಣ್ಣ ಸಣ್ಣ ಗುಳಿ. ಒಂದು ಗುಳಿಯಲ್ಲಿ ಏನೋ ಬೆಳ್ಳಗೆ ಕಂಡಿತು. ಉಗುರಿನಿಂದ ಎಬ್ಬಿಸಿ ಬೆರಳ ತುದಿಯಲ್ಲಿ ಹಿಡಿದಳು. ಅಕ್ಕಿಯ ನುಚ್ಚು.

ಅಂಜಲಕ್ಕ ದಿನಾ ಸಂಜೆ ಅದೇ ಒರಳಿನಲ್ಲಿ ಇಡ್ಲಿಗೆ ರುಬ್ಬುತ್ತಿದ್ದಳು. ಅಮ್ಮನಿಗೆ ಅಷ್ಟು ಸಾಕಾಯಿತು.

“ನನ್ನ ಮನೆ ಮುಳುಗಿಸ್ಬಿಟ್ಟೆಯಲ್ಲೇ! ಒಂದು ಚೊಂಬು ನೀರು ಉಯ್ದು ತೊಳೆಯಕ್ಕೆ ನಿನ್ ಕೈ ಸವೆದೋಗ್ತಿತ್ತಾ? ನನ್ ಗಂಡನ ಒಟ್ಟೆಗೆ ದಿನಾ ನಿನ್ ಅಕ್ಕಿ ಓಯ್ತಿತ್ತಲ್ಲೇ!”

ಅಂಜಲಕ್ಕ ಸೆರಗಿಗೆ ಕೈ ಒರೆಸುತ್ತಾ ಓಡಿಬಂದಳು. “ತೊಳ್ದೆ ನಾರಾಯಣಮ್ಮಾ. ದಿನಾ ತೊಳ್ದೆ. ನನ್ ಮಕ್ಳಾಣೆ ತೊಳ್ದೆ.”

“ಮಕ್ಕಳ ಮ್ಯಾಲೆ ಆಣೆ ಬೇರೆ ಇಡ್ತೀಯಾ!”

ಲೈನಿನ ಹೆಂಗಸರೆಲ್ಲ ಬಾಗಿಲಿಗೆ ಬಂದರು. ನಾನು ಒರಳಿನಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಅಪ್ಪ ಬಾಗಿಲಲ್ಲಿ ಕಾಣಿಸಿಕೊಂಡ, ನನ್ನನ್ನು ನೋಡಿದ, ನಾನೂ ನೋಡಿದೆ. ಈಗ ಹೇಳುತ್ತಾನೆ ಎಂದುಕೊಂಡೆ. ಅವನು ತಲೆ ತಗ್ಗಿಸಿ ಒಳಗೆ ಹೋದ. ಅವನು ಹೋದ ಮೇಲೆ ನನಗೂ ಧೈರ್ಯ ಬರಲಿಲ್ಲ.

ಅಮ್ಮ ಬೂದಿಕೋಟೆಯಿಂದ ಬೇರೆ ಒರಳು ತರಿಸಿಕೊಂಡಳು, ಅಂಜಲಕ್ಕನ ಜೊತೆ ಮಾತು ಬಿಟ್ಟಳು. ನಾನು ಅಕ್ಕಿ ಸೇರಿಸುವುದನ್ನು ಬಿಟ್ಟೆ. ಒಂದು ಸಲ ಅಪ್ಪನನ್ನು ಗುಟ್ಟಾಗಿ ಕೇಳಿದೆ, “ಅಪ್ಪಾ, ಅಮ್ಮಂಗೆ ಯೋಳ್ಬಿಡೋಣ?”

“ಸುಮ್ಕಿರು ಮಗಾ. ಗೊತ್ತಾದ್ರೆ ನಿಮ್ಮಮ್ಮ ನನ್ನ ಮುಖ ನೋಡಲ್ಲ.”

ಸುಮ್ಮನಿದ್ದೆ. ನಾನು ದೊಡ್ಡವಳಾದಾಗ ಅಂಜಲಕ್ಕ ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಪುಟ್ಟು ಮಾಡಿ, ಬೆಲ್ಲ ತೆಂಗಿನಕಾಯಿ ಕಲಸಿ, ತಟ್ಟೆಯನ್ನು ನಮ್ಮ ಹೊಸ್ತಿಲ ಮೇಲಿಟ್ಟು ಹೋದಳು. ಅಮ್ಮ ಅದನ್ನು ಹಸುವಿಗೆ ಹಾಕಿ ತಟ್ಟೆ ತೊಳೆದು ಅವರ ಜಗುಲಿಯ ಮೇಲಿಟ್ಟಳು. ಆ ದಿನವಾದರೂ ಹೇಳಬಹುದಿತ್ತು. ಹೇಡಿ, ನಾನು ಹೇಡಿ! ವರ್ಷ ಕಳೆದಷ್ಟೂ ಹೇಳುವುದು ಇನ್ನೂ ಕಷ್ಟವಾಗುತ್ತಾ ಹೋಯಿತು. ಅಪ್ಪ ತೀರಿಕೊಂಡ ದಿನವೂ ಅಮ್ಮ ಅಳುತ್ತಾ ಆ ಅಕ್ಕಿಯ ನುಚ್ಚಿನ ಮಾತೇ ಆಡಿದಳು. ಆಮೇಲೆ ಅಂಜಲಕ್ಕ ಮಗಳ ಮನೆಗೆ ಜೋಲಾರ್‌ಪೇಟೆಗೆ ಹೋದಳು, ನಾವು ಬಂಗಾರಪೇಟೆಗೆ ಬಂದೆವು. ಅಮ್ಮನೂ ತೀರಿಹೋದಳು, ಅದನ್ನೇ ನಂಬಿಕೊಂಡು.

ಅಮ್ಮ ಹೋದ ಮರುವರ್ಷ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಯಾರೋ ನನ್ನ ಕೈ ಹಿಡಿದರು. ಬಾಗಿದ ಬೆನ್ನು, ಬಿಳಿ ಕೂದಲು. ಅಂಜಲಕ್ಕ! ಅಮ್ಮ ಇಲ್ಲ ಎಂದಾಗ ಕಲ್ಲುಬೆಂಚಿನ ಮೇಲೆ ಕೂತು ಅತ್ತಳು. ಅತ್ತು ಮುಗಿಸಿ ಮೆಲ್ಲಗೆ ಹೇಳಿದಳು:

“ಕಣ್ಣು, ನಿಮ್ಮಮ್ಮ ಸುಳ್ಳು ಹೇಳೋಳಲ್ಲ. ನಾನೇ ಸರಿಯಾಗಿ ತೊಳೀಲಿಲ್ವೋ ಏನೋ. ಇವತ್ತಿಗೂ ಪಾತ್ರೆ ಮೂರು ಸಲ ತೊಳೀತೀನಿ. ಮಗಳು ಬೈತಾಳೆ.”

ಅಕ್ಕಿ ಹಾಕಿದವಳು ನಾನು ಎಂದು ಅಲ್ಲೇ ಎಲ್ಲ ಹೇಳಿಬಿಟ್ಟೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು:

“ಅಮ್ಮನಿಗೆ ಹೇಳಿದ್ಯಾ?”

“ಇಲ್ಲ ಅಂಜಲಕ್ಕ.”

“ಮತ್ತೆ ನನಗ್ಯಾಕಮ್ಮ ಹೇಳ್ದೆ? ಅವ್ಳಿಗೆ ಹೇಳಿದ್ದಿದ್ರೆ ನನ್ ಹತ್ರ ಓಡಿ ಬಂದಿರೋಳು. ಹತ್ತು ಹೆಜ್ಜೆ ಇತ್ತು, ಅಷ್ಟೇ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ರೈಲು ಬಂತು, ಚೀಲ ಹತ್ತಿಸಿಕೊಟ್ಟೆ, ಅವಳು ಕಿಟಕಿಯಿಂದ ಈಚೆ ನೋಡಲಿಲ್ಲ.

ಸಕ್ಕರೆ ಈಗ ನನಗೂ ಇದೆ. ಅಪ್ಪನ ಕಾಯಿಲೆ ಎರಡು ಮೂರು ಹಿಡಿ ಅಕ್ಕಿಯಿಂದಲೇ ಏರಿತೆಂದು ಹೇಳಲಾಗದು ಎಂದರು ನಮ್ಮ ಡಾಕ್ಟರು. ಇರಬಹುದು. ಗಣಿಯೂ ಮುಚ್ಚಿತು, ಲೈನು ಖಾಲಿಯಾಯಿತು. ಊರು ಕಳೆದುಕೊಂಡಿದ್ದಕ್ಕೆ ನಮ್ಮ ಕಡೆಯವರು ಇಂದಿಗೂ ಯಾರ್ಯಾರನ್ನೋ ಶಪಿಸುತ್ತಾರೆ. ನಾನು ಆ ಮಾತಿಗೆ ಸೇರುವುದಿಲ್ಲ. ಅಕ್ಕತಂಗಿಯರಂತಿದ್ದ ಇಬ್ಬರು ಹೆಂಗಸರು ಒಂದೇ ಗೋಡೆಯ ಆಚೆ ಈಚೆ ಮಾತಿಲ್ಲದೆ ಮುದುಕಿಯರಾದರು. ಅವರ ಅಷ್ಟೂ ವರ್ಷಗಳನ್ನು ತಿಂದವಳು ನಾನು.