ಅಳಿಸಿದವನು ರಾಘು ಅಲ್ಲ

ಗಿರಿಜಕ್ಕ, ನಿಮ್ಮ ಮಗ ಹೋಗುವ ಮೊದಲು ಏನನ್ನೂ ಅಳಿಸಿರಲಿಲ್ಲ. ಅಳಿಸಿದವನು ನಾನು. ಅಳಿಸಿ, ಅದನ್ನು ಸತ್ತವನ ತಲೆಗೆ ಕಟ್ಟಿದವನೂ ನಾನೇ.

ಇಷ್ಟನ್ನು ಬರೆಯಲು ನನಗೆ ಒಂಬತ್ತು ವರ್ಷ ಬೇಕಾಯಿತು. ಓದುವ ಬೇರೆಯವರಿಗೆ ನೀವು ಯಾರು, ರಾಘು ಯಾರು ಎಂದು ತಿಳಿಯದು. ಅವರ ಮುಂದೆಯೂ ನಾನು ಇದನ್ನು ಮುಚ್ಚಿಡಬಾರದು — ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಕಡಲ ದಡದ ಕೋಡಿ ಊರಿನಿಂದ ಮೀನಿನ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಬರುತ್ತಿದ್ದವರು ನೀವು. ನಮ್ಮ ಅಮ್ಮಮ್ಮ ಬಂಗುಡೆಯ ಕಿವಿರು ಎತ್ತಿ ನೋಡಿ, "ಇದ್ರ ಕಣ್ಣ್ ಕೆಂಪಾಯ್ತಲೆ ಗಿರಿಜಾ, ನಿನ್ನಿದ್ ಮೀನಾ?" ಎನ್ನುವುದು, ನೀವು ಬುಟ್ಟಿ ಇಳಿಸದೆಯೇ, "ಮೀನಿನ್ ಕಣ್ಣ್ ಸಮಾ ಇತ್ತ್ ಅಮ್ಮ, ನಿಮ್ದಕ್ಕೇ ಪೊರೆ ಬಂದದ್ದ್" ಎನ್ನುವುದು. ನಾನು ಮಾತು ಕಲಿತದ್ದೇ ನಿಮ್ಮಿಬ್ಬರ ಆ ಜಗಳ ಕೇಳಿ. ನಿಮ್ಮ ಸೆರಗು ಹಿಡಿದು ರಾಘು ನಿಂತಿರುತ್ತಿದ್ದ. ಅವನಿಗೆ ಮಾತು ಉಗ್ಗುತ್ತಿತ್ತು. ಹೆಸರು ಕೇಳಿದರೆ 'ರಾ' ಎಂಬಲ್ಲೇ ನಿಂತುಬಿಡುತ್ತಿದ್ದ. ಮುಂದಿನದ್ದನ್ನು ನೀವು ಹೇಳಿ ಮುಗಿಸುತ್ತಿದ್ದಿರಿ.

ಮುಂದೆ ನಾನು ಕುಂದಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟೆ — ಮದುವೆ ಕಾಗದ, ಅರ್ಜಿ, ಸಣ್ಣಪುಟ್ಟ ರಿಪೇರಿ. ದೊಡ್ಡವನಾಗಿ ದೋಣಿಗೆ ಹೋಗತೊಡಗಿದ ರಾಘು ನನ್ನಲ್ಲಿಂದಲೇ ಒಂದು ಹಳೆಯ ಕಂಪ್ಯೂಟರ್ ಕೊಂಡ. ಜೊತೆಗೊಂದು ಮೈಕು ಬೇಕೆಂದ. ಯಾಕೆಂದು ಕೇಳಿದರೆ ನಕ್ಕ, ಅಷ್ಟೆ.

ಆಗ ನನಗೆ ವಿಂಡೋಸ್ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಒಂದು ಮಾಸಪತ್ರಿಕೆಯ ಜೊತೆ ಲಿನಕ್ಸಿನ ಸಿಡಿ ಬಂತು. ಅದನ್ನು ಯಂತ್ರದಲ್ಲಿ ಕೂರಿಸಬೇಕಾಗಿಲ್ಲ. ಸಿಡಿ ಹಾಕಿ ಚಾಲೂ ಮಾಡಿದರೆ ಸಿಡಿಯಿಂದಲೇ ಎಲ್ಲವೂ ಓಡುತ್ತದೆ, ತೆಗೆದರೆ ನಿಮ್ಮ ವಿಂಡೋಸ್ ಇದ್ದ ಹಾಗೇ ಇರುತ್ತದೆ ಎಂದು ಬರೆದಿತ್ತು. ಎರಡು ಮೂರು ಸಲ ಹಾಕಿ ನೋಡಿದೆ. ಪರಿಚಯವಿಲ್ಲದವರ ಮನೆಯೊಳಗೆ ಚಪ್ಪಲಿ ಕಳಚಿ ಮೆಲ್ಲಗೆ ತಿರುಗಿದ ಹಾಗಿತ್ತು. ಒಂದು ಸಂಗತಿ ಮಾತ್ರ ನನ್ನ ತಲೆಗೇರಿತು — ಅದು ವಿಂಡೋಸಿನ ಪಾಸ್‌ವರ್ಡ್ ಕೇಳುವುದೇ ಇಲ್ಲ. ವಿಂಡೋಸ್ ಮಲಗಿರುವಾಗಲೇ ಅದರ ಕಪಾಟುಗಳನ್ನೆಲ್ಲ ತೆರೆದು ತೋರಿಸುತ್ತದೆ. ಬಂದವರಿಗೆಲ್ಲ ಇದನ್ನು ಹೇಳಿಕೊಂಡು ತಿರುಗಿದೆ.

ಆ ವರ್ಷ ಮಳೆಗಾಲ ಕಳೆದ ಹೊಸತರಲ್ಲಿ ರಾಘು ಬೆಳಿಗ್ಗೆ ಒಬ್ಬನೇ ಪಾತಿದೋಣಿ ತೆಗೆದುಕೊಂಡು ಹೋದ. ಅಳಿವೆಯಲ್ಲಿ ದೋಣಿ ಮಗುಚಿತು ಎಂದರು. ಮೂರನೆಯ ದಿನ ಅವನು ಬೀಜಾಡಿಯ ದಡದಲ್ಲಿ ಸಿಕ್ಕಿದ. ಅಳಿವೆಯನ್ನು ಕಣ್ಣು ಮುಚ್ಚಿ ದಾಟುತ್ತಿದ್ದವನು, ಮೀನಿನ ಹಾಗೆ ಈಜುತ್ತಿದ್ದವನು — ಹೇಗೆ? ಊರು ಕೇಳಿತು. ನೀವು ಬಾಯಿಬಿಟ್ಟು ಕೇಳಲಿಲ್ಲ. ನಿಮ್ಮ ಮನಸ್ಸಿನಲ್ಲಿ ಅದಕ್ಕೆ ಬೇರೆ ಕಾರಣವಿತ್ತು.

ಹದಿನೈದು ದಿನದ ಮೇಲೆ ಮಗಳು ಸುಮಿತ್ರೆಯ ಜೊತೆ ರಿಕ್ಷಾದಲ್ಲಿ ಆ ಕಂಪ್ಯೂಟರನ್ನು ಹೇರಿಕೊಂಡು ನನ್ನ ಅಂಗಡಿಗೆ ಬಂದಿರಿ.

"ಸದಾನಂದ, ಇದ್ ಒಳಗ್ ಬಿಡೂಕೆ ಎಂತದೋ ಗುಟ್ಟಿನ್ ಶಬ್ದ ಕೇಳತ್ತಂಬ್ರ್. ಅವ ಎಂತಾರೂ ಬರ್ದಿಟ್ ಹೋಯ್ದ್ನಾ ಕಾಣ್."

ಆಮೇಲೆ ದನಿ ಇಳಿಸಿ ಹೇಳಿದಿರಿ. ಬ್ರಹ್ಮಾವರದಲ್ಲೊಂದು ಹೆಣ್ಣು ನೋಡಲು ಹೋಗುವ ವಿಷಯಕ್ಕೆ, ಅವನು ಹೋದ ಹಿಂದಿನ ದಿನ ಮಧ್ಯಾಹ್ನ ಮಾತು ಬೆಳೆದಿತ್ತು. ಅವನು ಒಲ್ಲೆನೆಂದ. ಸಿಟ್ಟಿನಲ್ಲಿ ನೀವು, "ನೀ ಇದ್ದೂ ಒಂದೇ, ಇಲ್ದಿರೂ ಒಂದೇ" ಎಂದಿರಿ. ಅದೇ ಕೊನೆಯ ಮಾತು. ಆಮೇಲೆ ಅವನು ಊಟಕ್ಕೂ ಬರಲಿಲ್ಲ. ಬೆಳಿಗ್ಗೆ ನೀವು ಏಳುವ ಮೊದಲೇ ಹೋಗಿದ್ದ.

"ಅಲೆ ಬಿದ್ ಹೋದ್ನಾ, ನನ್ ಮಾತಿಗೆ ಹೋದ್ನಾ — ನಂಗದೊಂದ್ ಗೊತ್ತಾಯ್ಕ್ ಮಗಾ."

ನೀವು ಕೇಳಿದ್ದು ಅಷ್ಟೇ. ನಾನೋ, ಸಿಡಿಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿದೆ. "ಎದ್ರ್ ಬಾಗ್ಲಿಗೆ ಬೀಗ ಇದ್ರೆ ಇರ್ಲಿ ಗಿರಿಜಕ್ಕ. ಇದ್ ಹಿಂದಿನ್ ಬಾಗ್ಲಗ್ ಹೊಕ್ಕತ್ತ್."

ನೀವು ಆ ದುಃಖದಲ್ಲೂ ನನ್ನನ್ನು ಒಂದು ಸಲ ದಿಟ್ಟಿಸಿ, "ಹಿಂದಿನ್ ಬಾಗ್ಲಗ್ ಹೊಕ್ಕುದ್ ಕಳ್ರ್ ಅಲ್ದನಾ?" ಎಂದಿರಿ. ನಾನು ನಕ್ಕೆ.

ಭಾನುವಾರ ಅಂಗಡಿ ಮುಚ್ಚಿ, ಮಧ್ಯಾಹ್ನ ಒಬ್ಬನೇ ಕೂತೆ. ಹೊರಗೆ ಬಿಸಿಲು, ರಸ್ತೆಯಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ. ಸತ್ತವರ ಪೆಟ್ಟಿಗೆ ತೆರೆಯುವ ಮೊದಲು ಮುಚ್ಚಳವನ್ನು ಮೂರು ಸಲ ತಟ್ಟಿ, ಬಂದವರು ಯಾರೆಂದು ಹೇಳಬೇಕು — ನಮ್ಮ ಅಮ್ಮಮ್ಮನ ಕ್ರಮ ಅದು. ನಗು ಬಂದರೂ ತಟ್ಟಿದೆ. "ರಾಘು, ನಾ ಸದಾನಂದ" ಎಂದೆ. ಆ ಖಾಲಿ ಅಂಗಡಿಯಲ್ಲಿ ನನ್ನ ದನಿ ನನ್ನದಲ್ಲದ ಹಾಗೆ ಕೇಳಿಸಿತು.

ಸಿಡಿ ಗುಂಯ್ ಎಂದು ತಿರುಗಿತು. ಪರದೆ ಬೆಳಗಿತು. ಅವನ ಹೆಸರಿನ ಫೋಲ್ಡರು ತಡೆಯಿಲ್ಲದೆ ತೆರೆದುಕೊಂಡಿತು — ಬಲೆಗಳ ಚಿತ್ರ, ಸುಮಿತ್ರೆಯ ಮದುವೆಯ ಫೋಟೋ. ಅದರ ನಡುವೆ 'ಅಬ್ಬಿ' ಎಂಬ ಹೆಸರಿನದೊಂದು. ಅಬ್ಬಿ ಎಂದರೆ ಅಮ್ಮ — ನೀವು, ಗಿರಿಜಕ್ಕ. ಒಳಗೆ ಹನ್ನೊಂದು ಧ್ವನಿಯ ಕಡತಗಳು. ಎಲ್ಲವೂ ಅವನು ಹೋದ ಹಿಂದಿನ ದಿನ ಸಂಜೆಯವು.

ನಾನು ಒತ್ತಲಿಲ್ಲ. ಆಣೆ ಮಾಡಿ ಹೇಳುತ್ತೇನೆ — ಒತ್ತಲಿಲ್ಲ. ಮೌಸಿನ ಬಾಣ ಕೊನೆಯ ಕಡತದ ಮೇಲೆ ಬಂದು ನಿಂತಿತ್ತು, ಅಷ್ಟೆ. ರಾಘು ಮಾತಾಡತೊಡಗಿದ.

"ಅಬ್ಬಿ, ಸಿಟ್ಟ್ ಮಾಡ್ಬೇಡ. ಬಪ್ಪ ಆಯ್ತವಾರ ಬ್ರಹ್ಮಾವರಕ್ಕ್ ಹೋಪ. ನಾನೇ ಹೆಣ್ಣಿನ್ ಹತ್ರ ಮಾತಾಡ್ತೆ, ನೀ ಎಂತದೂ ಹೇಳ್ಕೊಡೂದ್ ಬ್ಯಾಡ—"

ಬೆಚ್ಚಿ ಕೈ ಎಳೆದುಕೊಂಡೆ. ಮಾತು ಅರ್ಧಕ್ಕೇ ನಿಂತಿತು, ಯಾರೋ ಅವನ ಬಾಯಿಗೆ ಕೈ ಅಡ್ಡ ಹಿಡಿದಂತೆ. ಬಾಣ ಮೇಲೆ ಬಂದರೆ ಸಾಕು, ಧ್ವನಿಯನ್ನು ಕೇಳಿಸುವುದು ಆ ಲಿನಕ್ಸಿನ ರೂಢಿ ಎಂದು ನನಗೆ ಗೊತ್ತಾದದ್ದು ತಿಂಗಳುಗಳ ಮೇಲೆ. ವಿಂಡೋಸಿನಲ್ಲಿ ನಾವು ಕರೆಯದೆ ಯಾರೂ ಮಾತಾಡುವುದಿಲ್ಲ. ಆ ಕ್ಷಣ ಹೆದರಿದೆ. ಆದರೆ ಹೆದರಿಕೆಗಿಂತ ಹೆಚ್ಚಿಗೆ ಬೇರೆಯೊಂದು — ಅವನು ಉಗ್ಗಿರಲಿಲ್ಲ. ಒಂದು ಅಕ್ಷರವೂ ತಡೆಯಲಿಲ್ಲ. ಆಗ ತಿಳಿಯಿತು ಮೈಕು ಯಾಕೆಂದು. ನಿಮಗೆ ಹೇಳಬೇಕಾದ ಮಾತನ್ನು ಅವನು ಹತ್ತು ಸಲ ಹೇಳಿ, ಕೇಳಿ, ತಿದ್ದಿ, ಹನ್ನೊಂದನೆಯದಕ್ಕೆ ಸರಿಮಾಡಿಕೊಂಡಿದ್ದ.

ಸಾಯಲು ಹೊರಟವನು ಬರುವ ವಾರದ ಮಾತನ್ನು ಅಷ್ಟು ಸಲ ಅಭ್ಯಾಸ ಮಾಡುತ್ತಾನೆಯೇ? ನೀವು ಕೇಳಿದ್ದಕ್ಕೆ ಉತ್ತರ ನನ್ನೆದುರಿಗಿತ್ತು.

ಉಳಿದ ಹತ್ತನ್ನು ಕೇಳಲಿಲ್ಲ. ಅವು ನಿಮ್ಮವು. ಮರುದಿನ ನಿಮ್ಮೆದುರೇ ಕೇಳಿಸೋಣವೆಂದು ಹನ್ನೊಂದನ್ನೂ ಡೆಸ್ಕ್‌ಟಾಪಿಗೆ ತಂದಿಟ್ಟೆ. ಇಲ್ಲಿ ನನ್ನ ಅಂಗಡಿಯ ಒಂದು ಚಾಳಿ ಹೇಳಬೇಕು. ಹಿಂದೊಮ್ಮೆ ಒಂದು ಮದುವೆ ಕಾಗದದ ತಿದ್ದಿದ ಪ್ರತಿಯೂ ಹಳೆಯ ಪ್ರತಿಯೂ ಎರಡೂ ಕಡೆ ಉಳಿದು, ತಪ್ಪಿದ್ದೇ ಅಚ್ಚಾಗಿ, ಮದುಮಗನ ಅಪ್ಪನ ಹೆಸರು ಬದಲಾಗಿತ್ತು. ಅಂದಿನಿಂದ ನಾನು ಕಾಪಿ ಮಾಡುವುದನ್ನೇ ಬಿಟ್ಟಿದ್ದೆ. ಯಾವುದಿದ್ದರೂ ಕಟ್, ಪೇಸ್ಟ್ — ಇದ್ದಲ್ಲಿಂದ ಕಿತ್ತು ಬೇಕಾದಲ್ಲಿ ಇಡುವುದು. ರಾಘುವಿನ ದನಿಯನ್ನೂ ಹಾಗೇ ಕಿತ್ತೆ. ಡೆಸ್ಕ್‌ಟಾಪಿನಲ್ಲಿ ಸಾಲಾಗಿ ಇಟ್ಟೆ. ಚಂದ ಕಂಡಿತು. ಯಂತ್ರ ನಿಲ್ಲಿಸಿದೆ. ಸಿಡಿ ತಾನಾಗಿ ಹೊರಗೆ ಬಂತು, ನಾಲಿಗೆ ಚಾಚಿದ ಹಾಗೆ.

ಆ ಡೆಸ್ಕ್‌ಟಾಪ್ ಎಲ್ಲಿಯೂ ಇರಲಿಲ್ಲ, ಗಿರಿಜಕ್ಕ. ನೀರ ಮೇಲೆ ಚಾಪೆ ಹಾಸಿದ ಹಾಗೆ ಅದು. ಕರೆಂಟು ಇರುವಷ್ಟು ಹೊತ್ತು ಯಂತ್ರದ ನೆನಪಿನಲ್ಲಿ ತೇಲುತ್ತದೆ. ನಿಲ್ಲಿಸಿದೊಡನೆ ಅದರ ಮೇಲಿಟ್ಟದ್ದೂ ಹೋಗುತ್ತದೆ. ಕಿತ್ತದ್ದು ಮಾತ್ರ ರಾಘುವಿನ ಫೋಲ್ಡರಿನಿಂದ ನಿಜವಾಗಿಯೇ ಕಿತ್ತುಹೋಗಿರುತ್ತದೆ. ಪತ್ರಿಕೆಯಲ್ಲಿ ಅದನ್ನೂ ಬರೆದಿದ್ದರು. ನಾನು ಪಾಸ್‌ವರ್ಡಿನ ಸಾಲಿನವರೆಗೆ ಮಾತ್ರ ಓದಿದ್ದೆ.

ಸೋಮವಾರ ನೀವು ಬುಟ್ಟಿ ಬಿಟ್ಟು, ಒಗೆದ ಸೀರೆ ಉಟ್ಟು ಬಂದಿರಿ. ಸುಮಿತ್ರೆ ನಿಮ್ಮ ಕೈ ಹಿಡಿದಿದ್ದಳು. ನಾನು ದೊಡ್ಡ ಜನದ ಹಾಗೆ ಕುರ್ಚಿ ಎಳೆದು ಕೂರಿಸಿ ಸಿಡಿ ಹಾಕಿದೆ. ಪರದೆ ಬೆಳಗಿತು — ಬೋಳು. ನಾನಿಟ್ಟ ಸಾಲು ಇಲ್ಲ. ಯಾರೂ ಎಂದೂ ಕಾಲಿಡದ ಮರಳಿನ ಹಾಗೆ ನುಣ್ಣಗೆ. ಅವನ ಫೋಲ್ಡರಿಗೆ ಓಡಿದೆ. 'ಅಬ್ಬಿ' ಅಲ್ಲೇ ಇತ್ತು. ತೆರೆದೆ. ಒಳಗೆ ಏನೂ ಇಲ್ಲ.

ಸುಮಿತ್ರೆ ಬಗ್ಗಿ ಓದಿದಳು. "ಅಬ್ಬಿ ಅಂದೇಳಿ ಬರ್ದಿತ್ತಲೆ! ಒಳಗ್ ಎಂತ ಇತ್ತ್ ಅಣ್ಣಾ?"

ಒಂದು ಮಾತು ಸಾಕಿತ್ತು — ನನ್ನ ಕೈಯಿಂದ ಹೋಯಿತು ಎಂಬ ಮಾತು. ಕೇಳಿದ್ದನ್ನಾದರೂ ಹೇಳಬಹುದಿತ್ತು. ಆದರೆ ಹೇಳಿದರೆ, ಉಳಿದದ್ದೆಲ್ಲಿ ಎಂದು ನೀವು ಕೇಳುತ್ತಿದ್ದಿರಿ. ಹಿಂದಿನ ಬಾಗಿಲ ಜಂಬ ಕೊಚ್ಚಿದವನು ನಾನು... ನಾಲಿಗೆ ತಾನಾಗಿ ಹೊರಳಿತು.

"ಎಂತದೂ ಇಲ್ಲ. ಅವ್ನೇ ಎಲ್ಲ ಅಳ್ಸಿಟ್ ಹೋದಾಂಗ್ ಕಾಂತ್."

ನೀವು ಅಳಲಿಲ್ಲ. ಪರದೆಯ ಮೇಲಿನ ಆ ಖಾಲಿ ಬಿಳುಪನ್ನು ನೋಡುತ್ತಲೇ ಕೇಳಿದಿರಿ — "ಅವ್ನೇಯಾ?"

"ಹೌದ್."

"ನನ್ ಹೆಸ್ರ್ ಇಟ್ಕಂಡ್, ಒಳಗಿದ್ದದ್ ಅಳ್ಸಿದ್ನಾ? ಹಂಗಾರೆ ಗೊತ್ತಿದ್ದೇ ಹೋದದ್ ಅವ."

ಎದ್ದು ಹೊರಟಿರಿ. "ಈ ಪೆಟ್ಗಿ ಇಲ್ಲೇ ಇರ್ಲಿ ಸದಾನಂದ, ನಂಗ್ ಬ್ಯಾಡ" ಎಂದಿರಿ.

ಅಳಿಸಿದ ಕಡತ ಕೂಡಲೇ ಸಾಯುವುದಿಲ್ಲವಂತೆ. ಬಲ್ಲವರು ಹುಡುಕಿ ತೆಗೆಯುತ್ತಾರಂತೆ. ಅದೇ ವಾರ ನನಗಿದು ತಿಳಿಯಿತು. ಉಡುಪಿಯಲ್ಲಿ ಅಂಥವರು ಇದ್ದರು. ಒಯ್ಯಲಿಲ್ಲ. ಸಿಕ್ಕಿದರೆ ಹೇಗೆ ಹೋಯಿತೆಂದು ನಿಮಗೆ ಹೇಳಬೇಕಲ್ಲ! ಯಂತ್ರವನ್ನು ಹಿಂದಿನ ಕೋಣೆಗೆ ತಳ್ಳಿ ಗೋಣಿ ಹೊದಿಸಿದೆ. ಆ ಕೋಣೆಗೆ ಹೋದಾಗ, ಗೋಣಿಯಡಿ ಯಾರೋ ಮಾತು ಸರಿಮಾಡಿಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು. ಮೌಸ್ ಮುಟ್ಟುವಾಗ ಬಾಣವನ್ನು ಎಲ್ಲಿಯೂ ನಿಲ್ಲಗೊಡದೆ ಓಡಿಸುವ ಅಭ್ಯಾಸವಾಯಿತು. ನಾಲ್ಕು ವರ್ಷದ ಮೇಲೆ ಧೈರ್ಯ ಮಾಡಿ ಉಡುಪಿಗೆ ಒಯ್ದೆ. ಉಪ್ಪುಗಾಳಿಗೆ ಹಾರ್ಡ್‌ಡಿಸ್ಕ್ ಹಾಳಾಗಿತ್ತು. ಒಳಗಿಂದ ಟಕ್, ಟಕ್, ಟಕ್ ಎಂದು ಬಡಿಯುತ್ತಿತ್ತು. "ಇದ್ರಗೆ ಇನ್ನೆಂತ ಸಿಕ್ಕುದಿಲ್ಲೆ ಮಾರಾಯ್ರೆ" ಎಂದರು.

ಆದರೆ ನನ್ನ ಪಾಪದ ಗಾತ್ರ ನನಗೆ ಕಂಡದ್ದು ಅದಕ್ಕೂ ಮೊದಲು, ರಾಘುವಿನ ವರ್ಷಾಂತದ ದಿನ. ನನ್ನನ್ನೂ ಊಟಕ್ಕೆ ಕರೆದಿದ್ದಿರಿ. ಒಳಕೋಣೆಯಲ್ಲಿ ಸತ್ತವನಿಗೆ ಎಲೆ ಹಾಕಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಅವನು ಉಣ್ಣಲೆಂದು ಬಾಗಿಲು ಎಳೆದು ಎಲ್ಲರೂ ಹೊರಗೆ ಸುಮ್ಮನೆ ಕೂರುವ ಕ್ರಮ. ಬೈಂದೂರಿನ ಗಂಡನ ಮನೆಯಿಂದ ಬಂದ ಸುಮಿತ್ರೆ ಒಬ್ಬಳೇ ಅಡುಗೆ ಮಾಡಿದ್ದಳು. ನೀವು ಅಂಗಳದ ತುದಿಯಲ್ಲಿ ಮನೆಗೆ ಬೆನ್ನು ಹಾಕಿ ಕೂತಿದ್ದಿರಿ.

"ಅಬ್ಬಿ, ಒಂದ್ ತುಂಡ್ ಮೀನಾರೂ ನೀನೇ ಬಡ್ಸ್. ಅವ ನಿನ್ನ ಕಾಯ್ತ" ಎಂದು ಸುಮಿತ್ರೆ ಕರೆದಳು.

"ನನ್ ಕೈಯಿಂದ್ ಬ್ಯಾಡ. ನನ್ ಕೈ ಅನ್ನ ಬ್ಯಾಡ ಅಂದೇಳಿಯೇ ಹೋದವ ಅವ."

ಬಾಗಿಲು ಮುಚ್ಚಿತು. ಎಲ್ಲರೂ ಹೊರಗೆ ಕೂತರು. ಆ ಮೌನದಲ್ಲಿ ಮುಚ್ಚಿದ ಬಾಗಿಲಿನ ಆಚೆಯಿಂದ ನಾನೊಬ್ಬನೇ ಕೇಳಿದೆ — ಅಬ್ಬಿ, ಸಿಟ್ಟ್ ಮಾಡ್ಬೇಡ. ಅದು ನನ್ನ ತಲೆಯೊಳಗಿನದ್ದೇ ಇರಬೇಕು. ಆದರೂ ಎದ್ದು ನಿಮ್ಮ ಬಳಿ ಬಂದೆ. ಬಂದು... ಬಿಸಿಲಿನಲ್ಲಿ ಕೂತಿದ್ದೀರಿ, ನೆರಳಿಗೆ ಬನ್ನಿ ಎಂದೆ. ಅಷ್ಟೇ ಆಯಿತು ನನ್ನಿಂದ.

ಆಮೇಲಿನ ವರ್ಷಗಳಲ್ಲೂ ನೀವು ಬಡಿಸಲಿಲ್ಲ ಎಂದು ಕೇಳಿದ್ದೇನೆ.

ನಿಮಗೆ ಓದಲು ಬರುವುದಿಲ್ಲ ಗಿರಿಜಕ್ಕ; ನಾನು ಬರೆದು ಕೈತೊಳೆದುಕೊಳ್ಳುತ್ತಿದ್ದೇನೆ ಎಂದು ಯಾರಾದರೂ ಹೇಳಿದರೆ ಅದು ಸರಿಯೇ. ಅದಕ್ಕೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಅಚ್ಚಾದರೆ ಕೋಡಿಯಲ್ಲಿ ಯಾರಾದರೂ ನಿಮಗೆ ಓದಿ ಹೇಳುತ್ತಾರೆ. ಬೇರೆಯವರ ಬಾಯಿಂದ ನೀವು ಕೇಳುವ ಮೊದಲು ನಾನು ಬಂದು ಹೇಳಲೇಬೇಕಾಗುತ್ತದೆ. ಹೇಡಿಗೆ ಇಂಥದ್ದೊಂದು ಬೇಲಿ ಬೇಕು.

ಇವತ್ತು ಇದನ್ನು ಅಚ್ಚಿಗೆ ಕಳಿಸಿ, ನಾಳೆ ಬೆಳಿಗ್ಗೆ ಬರುತ್ತೇನೆ. ರಾಘುವಿನ ಆ ನಾಲ್ಕು ಮಾತು ಈಗ ಉಳಿದಿರುವುದು ನನ್ನ ಬಾಯಲ್ಲಿ ಮಾತ್ರ. ಹೇಳುವಾಗ ಒಂದು ಅಕ್ಷರ ಹೆಚ್ಚು ಮಾಡುವುದಿಲ್ಲ, ಕಡಿಮೆ ಮಾಡುವುದಿಲ್ಲ. ಮುದುಕಿಯ ಸಮಾಧಾನಕ್ಕೆ ಕಟ್ಟಿದ ಕತೆ ಎಂದು ನೀವು ನಂಬದೆ ಹೋಗಬಹುದು. ನಿಮ್ಮನ್ನು ನಂಬಿಸಲು ನನ್ನ ಹತ್ತಿರ ಒಂದು ಸಾಕ್ಷಿಯೂ ಇಲ್ಲ. ಇರುವುದು ನನ್ನ ದನಿ ಒಂದೇ. ಅಂದು ನಿಮಗೆ ಸುಳ್ಳು ಹೇಳಿದ್ದೂ ಇದೇ ದನಿ.