ತಿರುಗಿ ಬರುವ ಬಾಣ

ಕಳೆದ ವಾರ ಬಳ್ಳಾರಿಯ ನಮ್ಮ ಮನೆಯಲ್ಲಿ ಹಳೆಯ ಟ್ರಂಕು ಒರೆಸುತ್ತಿದ್ದೆ. ಅದರ ಮೂಲೆಯಲ್ಲಿ ಒಂದು ತುಂಡು ಕೆಂಪು ಸೀಮೆಸುಣ್ಣ ಸಿಕ್ಕಿತು. ಬೆರಳಿಗೆ ಅಂಟಿದ ಪುಡಿಯನ್ನು ಸುಮ್ಮನೆ ಮೂಸಿದೆ. ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆ, ಬಂಡೆ ಹಾಸಿದ ಅಂಗಳ, ಅಲ್ಲಿ ನೆರಿಗೆ ಎತ್ತಿ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು ಚಿತ್ರ ಬರೆಯುತ್ತಿದ್ದ ಅಕ್ಕೋರು...

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಇವರು ಆದೋನಿಯವರು, ಮನೆಮಾತು ತೆಲುಗು. ಕನ್ನಡ ಮಾತ್ರ ನಮ್ಮ ಹಾಗೆಯೇ ಆಡುತ್ತಿದ್ದರು. ಮೂವತ್ತರ ಆಸುಪಾಸು, ಬಿಳಿ ಸೀರೆ, ಬರಿ ಹಣೆ. ಆ ಹಣೆಯ ಬಗ್ಗೆ ಯಾರೂ ಏನೂ ಕೇಳುತ್ತಿರಲಿಲ್ಲ.

ಲೆಕ್ಕವನ್ನು ಅವರು ಬಾಯಿಪಾಠ ಮಾಡಿಸಲಿಲ್ಲ, ನೆಲದ ಮೇಲೆ ಬರೆದು ತೋರಿಸಿದರು. ಒಂದು ಕೆರೆ, ನೀರು ಬರಲು ಒಂದು ತೂಬು, ಹೋಗಲು ಒಂದು ತೂಬು. ಕೆರೆ ಖಾಲಿ ಇದ್ದರೆ ಒಂದು ದುಂಡು ಗೆರೆ, ಅರ್ಧ ಇದ್ದರೆ ಇನ್ನೊಂದು, ತುಂಬಿದ್ದರೆ ಮತ್ತೊಂದು. ದುಂಡಿನಿಂದ ದುಂಡಿಗೆ ಬಾಣ. ಏನಾದರೆ ಆ ಬದಲಾವಣೆ ಆಗುತ್ತದೆ ಎಂಬುದನ್ನು ಬಾಣದ ಮೇಲೆ ಬರೆಯಬೇಕು. ನಮ್ಮನ್ನು ದುಂಡುಗಳಲ್ಲಿ ನಿಲ್ಲಿಸಿ, "ಮ್ಯಾಲಿನ ತೂಬು ತೆರದೆ!" ಎಂದು ಕೂಗುತ್ತಿದ್ದರು. ಸರಿಯಾದ ಬಾಣ ಹಿಡಿದು ಓಡಬೇಕು. ಒಡೆದ ಕೆರೆಗೂ ಒಂದು ದುಂಡಿತ್ತು. ಅದರೊಳಕ್ಕೆ ಬಾಣವಿತ್ತು, ಹೊರಕ್ಕೆ ಇರಲಿಲ್ಲ. ಅಲ್ಲಿಗೆ ಹೋದವಳು ಆಟ ಮುಗಿಯುವ ತನಕ ನಿಂತೇ ಇರಬೇಕು.

ನಾನು ಅಲ್ಲಿಯ ಕೊನೆಯ ತರಗತಿಯಲ್ಲಿದ್ದಾಗ ಕುರುಗೋಡಿನಿಂದ ಸಂಬಂಧ ಬಂತು. ಹತ್ತಿ ವ್ಯಾಪಾರದ ಅನುಕೂಲಸ್ಥರು. ಮುಂದೆ ಓದುವುದಾದರೆ ಬಳ್ಳಾರಿಯ ಸೋದರತ್ತೆಯ ಮನೆಯಲ್ಲಿ ಇರಬೇಕಿತ್ತು. ಅಪ್ಪನಿಗೆ ಸಂಬಂಧವೇ ಹಿಡಿಸಿತು. ಮರುದಿನ ನನ್ನ ಊದಿದ ಕಣ್ಣು ನೋಡಿ ಅಕ್ಕೋರು ವಿಷಯ ಕೇಳಿ ತಿಳಿದುಕೊಂಡರು. ಸಂಜೆ ಮನೆಗೇ ಬಂದರು.

ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ನಾನು ಬಾಗಿಲ ಹಿಂದೆ ಅವ್ವನ ಜೊತೆ ನಿಂತಿದ್ದೆ. ಅಕ್ಕೋರು ಅಪ್ಪಣೆ ಕೇಳಿ ಕಟ್ಟೆಯ ಮೇಲೆ ಎರಡು ದುಂಡು ಬರೆದರು. ಒಂದು ಶಾಲೆ, ಒಂದು ಮದುವೆ. ಶಾಲೆಯಿಂದ ಮದುವೆಗೆ ಒಂದು ಬಾಣ.

"ಅಣ್ಣಾರ, ಈ ದಾರಿ ಯಾವಾಗ್ಲೂ ಇರ್ತೈತಿ. ಆದ್ರ ಆ ಕಡಿಂದ ಈ ಕಡಿಗೆ?"

ಅಪ್ಪ ಸೀಮೆಸುಣ್ಣ ಇಸಿದುಕೊಂಡು ತಾವೇ ತಿರುಗಿ ಬರುವ ಬಾಣ ಎಳೆದರು. "ಅವರೂ ಓದಸ್ತೀವಿ ಅಂದಾರ್ರಿ."

"ಹಂಗಾದ್ರ ಬಾಣದ ಮ್ಯಾಲೆ ಬರೀರಿ. ಏನಾದ್ರ ಓದಸ್ತಾರ?"

"ಇಕಿ ಅತ್ತಿ ಒಪ್ಪಿದ್ರ... ಕೂಸು ಲಗೂನ ಆಗದಿದ್ರ..." ಅಪ್ಪ ತಮ್ಮ ಬಾಣವನ್ನು ಅಂಗೈಯಿಂದ ಒರೆಸಿದರು. ಆಮೇಲೆ ತುಸು ಬಿರುಸಾಗಿಯೇ ಕೇಳಿದರು, "ನೀವು ಹೆಂಗ ಓದಿದ್ರಿ ಮತ್ತ? ನಿಮಗೂ ಮದುವಿ ಆಗಿತ್ತಲ್ಲ?"

"ಆಗಿತ್ರಿ. ನನಗ ತಿರುಗಿ ಬರೋ ಬಾಣ ಸಿಕ್ತು." ಅಕ್ಕೋರ ದನಿ ಏರಲಿಲ್ಲ. "ಅದರ ಮ್ಯಾಲೆ ಏನು ಬರದಿತ್ತು ಅಂದ್ರ, ಗಂಡ ಸತ್ರ."

ಅವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಅಪ್ಪ ಸೀಮೆಸುಣ್ಣ ಕೆಳಗಿಟ್ಟರು.

"ಕುರುಗೋಡಿಗೆ ಹೇಳಿ ಕಳಸ್ತೀನ್ರಿ ಅಕ್ಕೋರ," ಎಂದರು. "ಸದ್ಯಕ್ಕ ಬ್ಯಾಡ ಅಂತ."

ನಾನು ಬಳ್ಳಾರಿಗೆ ಹೋದೆ. ಓದಿದೆ, ಮುಂದೆ ನಾನೂ ಲೆಕ್ಕದ ಟೀಚರಾದೆ. ಮದುವೆ ಆಮೇಲೆ ಆಯಿತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿ ಆದೋನಿ ಆಂಧ್ರಕ್ಕೆ ಹೋದ 1953ರಲ್ಲಿ, ಮುದಿ ತಾಯಿ ಅಲ್ಲಿದ್ದಾರೆಂದು ಅಕ್ಕೋರು ಆ ಕಡೆಯ ನೌಕರಿ ಆರಿಸಿಕೊಂಡರಂತೆ. ರಜೆಗೆ ಊರಿಗೆ ಬಂದಾಗ ಅವರ ಮನೆಗೆ ಬೀಗ ಬಿದ್ದಿತ್ತು. ಎಷ್ಟೋ ವರ್ಷಗಳ ನಂತರ ಆದೋನಿಗೆ ಹೋಗಿ ವಿಚಾರಿಸಿದೆ. "ಆ ಟೀಚರಮ್ಮ ತೀರಿಕೊಂಡು ಬಹಳ ದಿನ ಆಯ್ತು," ಎಂದರು ಅಲ್ಲಿಯ ಜನ.

ಅವರ ಒಂದು ಫೋಟೊ ಕೂಡ ನನ್ನಲ್ಲಿಲ್ಲ. ಈಗೀಗ ಮುಖವೂ ಸರಿಯಾಗಿ ಕಣ್ಣಿಗೆ ಕಟ್ಟುವುದಿಲ್ಲ... ಮೂಗಿನ ಪಕ್ಕ ಮಚ್ಚೆ ಇತ್ತೋ ಇಲ್ಲವೋ ಎಂದು ಕೇಳೋಣವೆಂದರೆ ಅಪ್ಪ ಇಲ್ಲ, ಅವ್ವ ಇಲ್ಲ, ಜೊತೆಗೆ ಓದಿದವರೂ ಇಲ್ಲ. ಅಕ್ಕೋರನ್ನು ಕಂಡವರ ಪೈಕಿ ನಾನೊಬ್ಬಳೇ ಉಳಿದಿದ್ದೇನೆ.